ಓದುಗರ ಪ್ರಶ್ನೆ, ನಮ್ಮ ಉತ್ತರ: ಆರಾಧನೆಯ ನಡುವೆ ಹತ್ತು ನಿಮಿಷದ ನಾಟಕ

ಚರ್ಚಿನ ಆರಾಧನೆಯಲ್ಲಿ ಆಡುವ ಕಿರುನಾಟಕಗಳ ಕುರಿತು ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೇ ತೊಡಕನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿದ ಪತ್ರಗಳು ಹಲವಿದ್ದುದರಿಂದ ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿ ವಿವರವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಸಂಡೆ ಸ್ಕೂಲಿನ ಶಿಕ್ಷಕಿ. ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯವನ್ನು (ದೃಷ್ಟಾಂತ ಕಥೆಯನ್ನು) ಹತ್ತು ನಿಮಿಷದ ನಾಟಕವಾಗಿ ಬರೆದು ಆರಾಧನೆಯಲ್ಲಿ ಪ್ರಸಂಗಕ್ಕೆ, ಅಂದರೆ ಸಭಾಪಾಲಕರ ಬೋಧನೆಗೆ, ಮೊದಲು ಆಡಿಸುವಂತೆ ಸಭಾಪಾಲಕರು ಹೇಳಿದ್ದಾರೆ. ನಾನು ಬರೆದದ್ದು 7 ದೃಶ್ಯಗಳಾಗಿವೆ. ಸಂದೇಶ ಸ್ಪಷ್ಟವಾಗಿರಬೇಕೆಂದು ಸಭೆಯ ಹಿರಿಯರು ಸೂಚಿಸಿದ್ದರಿಂದ ಕೊನೆಯಲ್ಲಿ ತಂದೆಯ ಬಾಯಲ್ಲಿ ಒಂದು ಪುಟದಷ್ಟು ಮಾತನ್ನೂ ಇಟ್ಟಿದ್ದೇನೆ. ಓದುವಾಗ ಚೆನ್ನಾಗಿಯೇ ಇದೆ, ತಾಲೀಮಿನಲ್ಲಿ ಮಾತ್ರ ಸಪ್ಪೆಯಾಗುತ್ತಿದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ಆ ಒಂದು ಪುಟದಲ್ಲಿಯೇ ತಪ್ಪಿದ್ದೀರಿ, ಏಳು ದೃಶ್ಯಗಳ ವಿಚಾರಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ನಾಟಕ ಮುಗಿದೊಡನೆ ಸಭಾಪಾಲಕರು ಪ್ರಸಂಗಕ್ಕೆ ನಿಲ್ಲುತ್ತಾರೆ. ಅದಕ್ಕೆ ಮುಂಚೆಯೇ ತಂದೆಯ ಪಾತ್ರಧಾರಿ ಕ್ಷಮೆಯ ಅರ್ಥವನ್ನು ಬಿಡಿಸಿ ಹೇಳಿಬಿಟ್ಟರೆ ಸಭೆಯು ಒಂದೇ ದಿನ ಎರಡು ಪ್ರಸಂಗಗಳನ್ನು ಕೇಳಿದಂತಾಗುತ್ತದೆ, ಅದರಲ್ಲಿ ಮೊದಲನೆಯದು ಅಂಟಿಸಿದ ಗಡ್ಡದ ಒಳಗಿನಿಂದ ಕೇಳಿಸುತ್ತದೆ. ಹಿರಿಯರು ಸ್ಪಷ್ಟತೆ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನಾಟಕದಲ್ಲಿ ಸ್ಪಷ್ಟವಾಗಬೇಕಾದದ್ದು ಯಾರಿಗೆ ಏನು ಬೇಕಾಗಿದೆ, ಅದಕ್ಕೆ ಅಡ್ಡ ನಿಂತವರು ಯಾರು, ಈಗ ಅವನು ಏನು ಮಾಡಬೇಕಾಗಿದೆ ಎಂಬುದು. ಅದರ ಅರ್ಥವನ್ನು ಬಿಡಿಸುವ ಕೆಲಸಕ್ಕೆ ಪ್ರಸಂಗವಿದೆ, ಮನೆಗೆ ಹೋಗುವ ದಾರಿಯಿದೆ.

ಇನ್ನು ಏಳು ದೃಶ್ಯಗಳು. ಆಸ್ತಿ ಪಾಲಾಗುವುದು, ದೂರದೇಶ, ಬರಗಾಲ, ಹಂದಿ ಮೇಯಿಸುವುದು, ಹಿಂತಿರುಗುವುದು, ಔತಣ, ಹಿರಿಯ ಮಗನ ಸಿಟ್ಟು ಎಂದು ನೀವು ಸಾಮ್ಯದ ಸಾಲು ಹಿಡಿದೇ ಹೋಗಿದ್ದೀರಿ ಎಂದು ಊಹಿಸುತ್ತೇನೆ. ಆರಾಧನೆಯ ಸ್ಥಳದಲ್ಲಿ ಎಳೆಯುವುದಕ್ಕೆ ಪರದೆ ಇರುವುದಿಲ್ಲ, ಬೆಳಗಿನ ಹೊತ್ತು ಬೆಳಕನ್ನು ಆರಿಸುವುದಕ್ಕೂ ಆಗುವುದಿಲ್ಲ. ಒಂದು ದೃಶ್ಯ ಮುಗಿಸಿ ಇನ್ನೊಂದಕ್ಕೆ ಅಣಿಯಾಗಲು ಅರ್ಧ ನಿಮಿಷ ಹಿಡಿದರೂ ಏಳು ದೃಶ್ಯಗಳ ನಡುವಿನ ಆರು ಸಂದುಗಳಲ್ಲಿ ಮೂರು ನಿಮಿಷ ಕಳೆದುಹೋಗುತ್ತದೆ, ಮತ್ತು ಆ ಮೂರು ನಿಮಿಷವೂ ಸಭೆ ನೋಡುವುದು ಕುರ್ಚಿ ಹೊತ್ತುಕೊಂಡು ಓಡಾಡುವ ಹುಡುಗರನ್ನು. ಉಳಿದ ಏಳು ನಿಮಿಷವನ್ನು ಏಳು ದೃಶ್ಯಗಳಿಗೆ ಹಂಚಿದರೆ ಪ್ರತಿಯೊಂದಕ್ಕೂ ಒಂದೊಂದು ನಿಮಿಷ ಸಿಗುತ್ತದೆ. ಒಂದು ನಿಮಿಷದಲ್ಲಿ ಪಾತ್ರ ಬಂದು ತಾನು ಯಾರೆಂದು ಹೇಳಿಕೊಂಡು ಹೋಗಬಹುದೇ ಹೊರತು ಬೇರೇನೂ ಆಗುವುದಿಲ್ಲ.

ಆದ್ದರಿಂದ ಒಂದೇ ಜಾಗ, ಒಂದೇ ಹೊತ್ತು ಆರಿಸಿಕೊಳ್ಳಿ. ಈ ಸಾಮ್ಯಕ್ಕೆ ಆ ಜಾಗವನ್ನು ಲೂಕನೇ ಆರಿಸಿ ಕೊಟ್ಟಿದ್ದಾನೆ. ಅವನ ಸುವಾರ್ತೆಯ 15ನೇ ಅಧ್ಯಾಯದ 25ನೇ ವಚನದಿಂದ ಮುಂದಕ್ಕೆ ನಿಧಾನವಾಗಿ ಓದಿ ನೋಡಿ. ಹಿರಿಯ ಮಗ ಹೊಲದಿಂದ ಬರುತ್ತಾನೆ, ಒಳಗಿನ ವಾದ್ಯ ಮತ್ತು ನರ್ತನದ ಸದ್ದು ಅವನ ಕಿವಿಗೆ ಬೀಳುತ್ತದೆ, ಆಳನ್ನು ಕರೆದು ವಿಚಾರಿಸುತ್ತಾನೆ, ಆಳು ನಡೆದದ್ದನ್ನು ಹೇಳುತ್ತಾನೆ, ಇವನು ಒಳಗೆ ಹೋಗಲು ಒಲ್ಲದೆ ನಿಲ್ಲುತ್ತಾನೆ, ತಂದೆಯೇ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಬಾಗಿಲ ಹೊರಗಿನ ಅಂಗಳ, ಮೂರು ಪಾತ್ರ, ಒಳಗಿನಿಂದ ಕೇಳಿಸುವ ಹಾಡು, ಇಷ್ಟು ಸಾಕು. ದೂರದೇಶದ ಕಥೆಯೆಲ್ಲ ಆಳಿನ ನಾಲ್ಕು ಮಾತಿನಲ್ಲಿ ಬಂದುಬಿಡುತ್ತದೆ. ಕಿರಿಯ ಮಗ ರಂಗದ ಮೇಲೆ ಬರಲೇಬೇಕಾಗಿಲ್ಲ, ಅವನ ನಗು ಒಳಗಿನಿಂದ ಕೇಳಿಸಿದರೆ ಆಯಿತು.

ಸಾಮ್ಯದಲ್ಲಿ ಸಂಭಾಷಣೆ ಬರೆಯುವವರು ಗಮನಿಸಲೇಬೇಕಾದ ಒಂದು ಸೂಕ್ಷ್ಮವೂ ಇದೆ. ಕಿರಿಯವನು ಬಂದೊಡನೆ ಆಡುವ ಮೊದಲ ಪದವೇ ‘ಅಪ್ಪಾ’. ಹಿರಿಯವನ ಅಷ್ಟುದ್ದದ ದೂರಿನಲ್ಲಿ ಆ ಪದ ಒಮ್ಮೆಯೂ ಬರುವುದಿಲ್ಲ. 30ನೇ ವಚನದಲ್ಲಿ ಅವನು ‘ನನ್ನ ತಮ್ಮ’ ಎನ್ನದೆ ‘ಈ ನಿನ್ನ ಮಗ’ ಎನ್ನುತ್ತಾನೆ. 32ನೇ ವಚನದಲ್ಲಿ ತಂದೆ ಅದನ್ನು ತಿರುಗಿಸಿ ‘ಈ ನಿನ್ನ ತಮ್ಮ’ ಎಂದು ಉತ್ತರ ಕೊಡುತ್ತಾನೆ. ಇಡೀ ಜಗಳ ಈ ಎರಡು ಸಂಬೋಧನೆಗಳ ನಡುವೆ ನಡೆದಿದೆ. ನೀವು ಬರೆದ ತಂದೆಯ ಮಾತು ಬಹುಶಃ ಹೀಗೆ ಆರಂಭವಾಗಿರುತ್ತದೆ:

ತಂದೆ: ಮಗನೇ, ಕ್ಷಮೆಯೆಂಬುದು ದೇವರು ಕೊಟ್ಟ ವರ. ದ್ವೇಷವು ಮನುಷ್ಯನ ಹೃದಯವನ್ನು ಕಲ್ಲಾಗಿಸುತ್ತದೆ. ಆದ್ದರಿಂದ ನೀನು ನಿನ್ನ ಸಹೋದರನನ್ನು ಮನ್ನಿಸಿ ಪ್ರೀತಿಸಬೇಕು.

ಇದನ್ನು ಪೂರ್ತಿ ಅಳಿಸಿ, ಲೂಕನ ಆ ಎರಡು ಪದಗಳನ್ನಷ್ಟೇ ಹಿಡಿದು ಬರೆದರೆ ಹೀಗಾಗಬಹುದು:

ಹಿರಿಯ ಮಗ: ನಿಮ್ಮ ಮಗ ಬಂದನಂತೆ.
ತಂದೆ: ನಿನ್ನ ತಮ್ಮ ಬಂದಿದ್ದಾನೆ.
ಹಿರಿಯ ಮಗ: ನಿಮ್ಮ ಮಗನಿಗೆ ಕೊಬ್ಬಿದ ಕರುವನ್ನೇ ಕೊಯ್ಸಿದಿರಂತೆ.
ತಂದೆ: ಕಾಲೆಲ್ಲ ಮಣ್ಣಾಗಿದೆ. ತೊಳೆದುಕೊಂಡು ಒಳಗೆ ಬಾ.
ಹಿರಿಯ ಮಗ: ಹೊಲದಿಂದ ಬಂದವನ ಕಾಲು. ಮಣ್ಣು ಇರದೆ ಇನ್ನೇನಿರುತ್ತದೆ?
(ಒಳಗಿನಿಂದ ನಗು ಕೇಳಿಸುತ್ತದೆ. ಇಬ್ಬರೂ ಬಾಗಿಲ ಕಡೆಗೆ ತಿರುಗುತ್ತಾರೆ.)
ತಂದೆ: ನಿನ್ನ ತಮ್ಮ. ಅವನ ನಗು ಕೇಳಿ ಎಷ್ಟು ದಿನವಾಗಿತ್ತು!

ಇಲ್ಲಿ ಕ್ಷಮೆ ಎಂಬ ಪದವೇ ಇಲ್ಲದಿದ್ದರೂ ಕ್ಷಮೆಯ ಹೊರತು ಬೇರೆ ಯಾವ ಮಾತೂ ನಡೆಯುತ್ತಿಲ್ಲ ಎಂಬುದು ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ. ಮಗ ತಂದೆಗೆ ‘ನೀವು’ ಎನ್ನುವಂತೆ ಬೇಕೆಂದೇ ಬರೆದಿದ್ದೇನೆ. ಈ ಬಾಯಲ್ಲಿ ಆ ಬಹುವಚನ ಗೌರವಕ್ಕಿಂತ ದೂರವನ್ನೇ ಹೆಚ್ಚು ಸೂಚಿಸುತ್ತದೆ. ತಾಲೀಮಿನಲ್ಲಿ ಪಾತ್ರಧಾರಿಗೆ ಇದನ್ನು ಹೇಳಿಕೊಡಿ, ಸಭೆಗೆ ಹೇಳುವ ಅಗತ್ಯವಿಲ್ಲ.

ಮುಕ್ತಾಯ ಎಲ್ಲಿ? ಹಿರಿಯ ಮಗ ಕೊನೆಗೆ ಒಳಗೆ ಹೋದನೇ ಇಲ್ಲವೇ ಎಂಬುದನ್ನು ಲೂಕನು ಹೇಳಿಲ್ಲ. ತಂದೆಯ ಮಾತಿಗೆ ಅಧ್ಯಾಯ ಮುಗಿಯುತ್ತದೆ. ಅಣ್ಣತಮ್ಮಂದಿರನ್ನು ತಬ್ಬಿಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಹಾಡು ಹಾಡಿಸಿಬಿಡುವ ಆಸೆ ನಮಗೆಲ್ಲ ಇರುತ್ತದೆ, ನಾನೂ ಅದನ್ನು ಮಾಡಿದವನೇ. ಆದರೆ ಹಾಗೆ ಮಾಡಿದ ಕ್ಷಣಕ್ಕೆ ಸಭೆ ಹಾಯಾಗಿ ಬೆನ್ನು ಒರಗಿಸಿಕೊಂಡುಬಿಡುತ್ತದೆ. ತಂದೆ ಒಳಗೆ ಹೋಗಲಿ, ಬಾಗಿಲು ತೆರೆದೇ ಇರಲಿ, ಹಿರಿಯವನು ಹೊಸ್ತಿಲ ಈಚೆ ನಿಂತಿರುವಾಗಲೇ ನಾಟಕ ಮುಗಿಯಲಿ. ಸಭಾಪಾಲಕರು ಆ ಹೊಸ್ತಿಲಿನಿಂದಲೇ ಪ್ರಸಂಗವನ್ನು ಎತ್ತಿಕೊಳ್ಳಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಸಾಮಾನ್ಯವಾಗಿ ಅವರಿಗೆ ಇದು ಇಷ್ಟವಾಗುತ್ತದೆ, ಪ್ರಸಂಗದ ಪೀಠಿಕೆ ಅವರಿಗೆ ಪುಕ್ಕಟೆಯಾಗಿ ಸಿಕ್ಕಂತಾಯಿತಲ್ಲ. ಹಿರಿಯರು ಆಕ್ಷೇಪಿಸಿದರೆ ವಾದಕ್ಕೆ ಇಳಿಯದೆ ಅಧ್ಯಾಯದ ಕೊನೆಯ ವಚನವನ್ನು ಅವರ ಮುಂದೆ ಓದಿ ತೋರಿಸಿ.

ಕೊನೆಯದಾಗಿ, ಸಮಯ. ಮೌನವಾಗಿ ಓದಿ ಲೆಕ್ಕ ಹಾಕಬೇಡಿ. ಹತ್ತು ನಿಮಿಷವೆಂದು ಹಾಗೆಯೇ ಅಂದಾಜಿಸಿ ನಾನು ಬರೆದ ಮೊದಲ ನಾಟಕ ಆರಾಧನೆಯಲ್ಲಿ 23 ನಿಮಿಷ ನಡೆಯಿತು. ಅಂದಿನ ಪ್ರಸಂಗ ಅರ್ಧಕ್ಕಿಳಿಯಿತು, ಚಿಕ್ಕ ಮಕ್ಕಳು ರಚ್ಚೆ ಹಿಡಿದರು, ಸಭಾಪಾಲಕರು ನನಗೆ ಏನೊಂದೂ ಹೇಳಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಅಂದಿನಿಂದ ನಾನು ಎದ್ದು ನಿಂತು, ಎಲ್ಲ ಪಾತ್ರಗಳ ಮಾತನ್ನೂ ಗಟ್ಟಿಯಾಗಿ ಹೇಳಿ, ನಡೆಯುವಲ್ಲಿ ನಡೆದು, ಸುಮ್ಮನಿರುವಲ್ಲಿ ಸುಮ್ಮನಿದ್ದು ಗಡಿಯಾರ ನೋಡುತ್ತೇನೆ. ಪ್ರವೇಶ, ಮೌನ, ತಡವರಿಕೆ ಎಲ್ಲವನ್ನೂ ಸೇರಿಸಿದರೆ ನಿಮಿಷಕ್ಕೆ 80 ಪದಗಳಿಗಿಂತ ಹೆಚ್ಚು ಸಾಗುವುದಿಲ್ಲವೆಂಬುದು ನನ್ನ ಅನುಭವದ ಲೆಕ್ಕ. ಅಂದರೆ ನಿಮ್ಮ ಹತ್ತು ನಿಮಿಷಕ್ಕೆ 800 ಪದಗಳು. ಅದಕ್ಕಿಂತ ಕಡಿಮೆಯಾದರೆ ಯಾರೂ ದೂರುವುದಿಲ್ಲ.

ಪ್ರಶ್ನೆ: ನಾಟಕ ಹೊರಗಿನವರ ಮನರಂಜನೆ, ಅದನ್ನು ಆರಾಧನೆಯೊಳಗೆ ತರಬಾರದು, ಬೇಕಿದ್ದರೆ ಸಂಜೆಯ ಕಾರ್ಯಕ್ರಮದಲ್ಲಿ ಆಡಿ ಎಂದು ನಮ್ಮ ಸಭೆಯ ಕೆಲವು ಹಿರಿಯರು ಹೇಳುತ್ತಾರೆ. ಅವರಿಗೆ ಏನು ಉತ್ತರ ಕೊಡಬಹುದು?

ಉತ್ತರ: ಮೊದಲಿಗೆ, ಅವರ ಅಂಜಿಕೆ ಇಂದು ನಿನ್ನೆಯದಲ್ಲ ಎಂದು ಒಪ್ಪಿಕೊಳ್ಳಿ. ಸುಮಾರು 1,800 ವರ್ಷಗಳ ಹಿಂದೆ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿದ್ದ ಕ್ರೈಸ್ತ ಲೇಖಕ ತೆರ್ತುಲಿಯನ್ ರೋಮನ್ನರ ಆಟನೋಟಗಳಿಗೆ ಕ್ರೈಸ್ತರು ಹೋಗಕೂಡದೆಂದು ಕಟುವಾಗಿ ಬರೆದ. ಆ ಆಟಗಳಿಗೆ ಅಂದಿನ ದೇವತೆಗಳ ಪೂಜೆಯೊಂದಿಗೆ ನಂಟಿತ್ತು, ಅಖಾಡದಲ್ಲಿ ಮನುಷ್ಯರ ರಕ್ತವೂ ಹರಿಯುತ್ತಿತ್ತು ಎಂಬುದನ್ನು ನೆನೆದರೆ ಅವನ ಸಿಟ್ಟು ಅರ್ಥವಾಗುತ್ತದೆ.

ಆದರೆ ಅದೇ ಚರಿತ್ರೆಯಲ್ಲಿ ಇನ್ನೊಂದು ಪುಟವಿದೆ. 10ನೇ ಶತಮಾನದ ಪಾಶ್ಚಾತ್ಯ ಚರ್ಚುಗಳಲ್ಲಿ ಈಸ್ಟರ್ ಆರಾಧನೆಯ ನಡುವೆಯೇ ಒಂದು ಪುಟ್ಟ ಸಂವಾದವನ್ನು ಲ್ಯಾಟಿನ್ ಭಾಷೆಯಲ್ಲಿ ಹಾಡುವ ಪದ್ಧತಿ ಬೆಳೆಯಿತು. ಸಮಾಧಿಗೆ ಬಂದ ಸ್ತ್ರೀಯರನ್ನು ದೇವದೂತನು ‘ಯಾರನ್ನು ಹುಡುಕುತ್ತಿದ್ದೀರಿ?’ ಎಂದು ಕೇಳುತ್ತಾನೆ, ಅವರು ಶಿಲುಬೆಗೆ ಹಾಕಲ್ಪಟ್ಟ ನಜರೇತಿನ ಯೇಸುವನ್ನು ಎನ್ನುತ್ತಾರೆ, ಅವನು ಇಲ್ಲಿಲ್ಲ, ಎದ್ದಿದ್ದಾನೆ ಎಂಬ ಉತ್ತರ ಬರುತ್ತದೆ. ಇಂಗ್ಲೆಂಡಿನ ಬೆನೆಡಿಕ್ಟಿನ್ ಮಠಗಳಿಗಾಗಿ ಸುಮಾರು 970ರ ಹೊತ್ತಿಗೆ ವಿಂಚೆಸ್ಟರಿನ ಬಿಷಪ್ ಎಥೆಲ್‌ವೋಲ್ಡ್ ಸಿದ್ಧಪಡಿಸಿದ ನಿಯಮಾವಳಿಯಲ್ಲಿ ಇದನ್ನು ಹೇಗೆ ನಡೆಸಬೇಕೆಂಬ ರಂಗಸೂಚನೆಗಳೇ ಇವೆ. ಬಿಳಿಯ ನಿಲುವಂಗಿ ತೊಟ್ಟ ಒಬ್ಬ ಸಂನ್ಯಾಸಿ ಯಾರ ಗಮನಕ್ಕೂ ಬಾರದಂತೆ ಹೋಗಿ ಕೈಯಲ್ಲಿ ಖರ್ಜೂರದ ಗರಿ ಹಿಡಿದು ಸಮಾಧಿಯ ಬಳಿ ಸುಮ್ಮನೆ ಕೂರಬೇಕು, ಇನ್ನು ಮೂವರು ಧೂಪಾರತಿಗಳನ್ನು ಹಿಡಿದು ಏನನ್ನೋ ಹುಡುಕುವವರಂತೆ ಅಳುಕುತ್ತ ಹೆಜ್ಜೆ ಇಡುತ್ತ ಬರಬೇಕು. ನಾಲ್ವರು ಪಾತ್ರಧಾರಿಗಳು, ಮೂರು ಮಾತು, ಒಂದು ನಡಿಗೆ. ಮಧ್ಯಯುಗದ ಯುರೋಪಿನ ಧಾರ್ಮಿಕ ನಾಟಕದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆರಂಭಿಸುವುದೇ ಇಲ್ಲಿಂದ.

ನಿಮ್ಮ ಹಿರಿಯರಿಗೆ ಇದನ್ನು ಹೇಳುವಾಗ ಅವರ ಮಾತಿನಲ್ಲಿರುವ ಅರ್ಧ ಸತ್ಯವನ್ನೂ ಉಳಿಸಿಕೊಳ್ಳಿ. ಮುಕ್ಕಾಲು ಗಂಟೆಯ, ಏಳೆಂಟು ಉಡುಪು ಬದಲಾವಣೆಯ ನಾಟಕಕ್ಕೆ ಸಂಜೆಯ ಕಾರ್ಯಕ್ರಮವೇ ಸರಿ. ಆರಾಧನೆಯೊಳಗೆ ಬರುವ ನಾಟಕವು ವಾಚನದಂತೆ, ಕೀರ್ತನೆಯಂತೆ ಆ ದಿನದ ಕ್ರಮದಲ್ಲಿ ಒಂದು ಭಾಗವಾಗಿ ಬಂದು ಹೋಗಬೇಕು. ಅದಕ್ಕೆ ಮೊದಲು ಏನು ನಡೆಯುತ್ತದೆ, ನಂತರ ಏನು ನಡೆಯುತ್ತದೆ ಎಂಬುದನ್ನು ತಿಳಿಯದೆ ಬರೆಯಲು ಕೂರಬೇಡಿ.

ಪ್ರಶ್ನೆ: ನಮ್ಮಲ್ಲಿ 30 ಮಕ್ಕಳಿದ್ದಾರೆ. ಎಲ್ಲರಿಗೂ ಪಾತ್ರ ಬೇಕು, ಇಲ್ಲವಾದರೆ ತಂದೆತಾಯಂದಿರು ಬೇಸರಪಟ್ಟುಕೊಳ್ಳುತ್ತಾರೆ. ಅಷ್ಟು ಪಾತ್ರಗಳನ್ನು ಎಲ್ಲಿಂದ ತರಲಿ?

ಉತ್ತರ: ತರಬೇಡಿ. ತಲೆಗೊಂದು ಮಾತು ಎಂದು ಹಂಚಿದರೆ ಮಾತುಗಳು ಗೋಡೆಯ ಮೇಲಿನ ಭಾವಚಿತ್ರಗಳಂತೆ ಸಾಲಾಗಿ ನಿಲ್ಲುತ್ತವೆ, ಒಂದಕ್ಕೊಂದು ತಾಗುವುದಿಲ್ಲ. ಮೂರೋ ನಾಲ್ಕೋ ಮಕ್ಕಳಿಗೆ ಪಾತ್ರ ಕೊಟ್ಟು, ಉಳಿದವರನ್ನು ಮೇಳವಾಗಿ ಮಾಡಿ. ದೇವರ ಕರೆಯಿಂದ ತಪ್ಪಿಸಿಕೊಂಡು ಹಡಗು ಹತ್ತಿದ ಪ್ರವಾದಿ ಯೋನನ ಕಥೆಯನ್ನೇ ತೆಗೆದುಕೊಳ್ಳಿ, ನಾಲ್ಕೇ ಅಧ್ಯಾಯಗಳ ಪುಸ್ತಕ. ಮೊದಲ ಅಧ್ಯಾಯದಲ್ಲಿ ಮೇಳವೇ ಸಮುದ್ರ: ಎರಡು ಸಾಲಿನಲ್ಲಿ ಕುಳಿತ ಮಕ್ಕಳು ಅಂಗೈಯಿಂದ ತೊಡೆ ತಟ್ಟುತ್ತ ನಿಧಾನವಾಗಿ ವೇಗ ಹೆಚ್ಚಿಸಿದರೆ ಬಿರುಗಾಳಿ, ಯೋನನನ್ನು ನೀರಿಗೆ ಎಸೆದೊಡನೆ ಒಮ್ಮೆಗೇ ನಿಲ್ಲಿಸಿದರೆ ಶಾಂತ ಸಮುದ್ರ. ಅಷ್ಟೊಂದು ಜೊತೆ ಅಂಗೈಗಳು ಒಟ್ಟಿಗೆ ನಿಂತಾಗ ಉಂಟಾಗುವ ಮೌನವನ್ನು ಯಾವ ಧ್ವನಿಮುದ್ರಿಕೆಯೂ ಕೊಡಲಾರದು. ಮೂರನೆಯ ಅಧ್ಯಾಯದಲ್ಲಿ ಅದೇ ಮೇಳ ನಿನೆವೆ ಪಟ್ಟಣದ ಜನರಾಗುತ್ತದೆ. ಪ್ರತಿ ಮಗುವೂ ಮೊದಲಿನಿಂದ ಕೊನೆಯವರೆಗೆ ರಂಗದ ಮೇಲೆಯೇ ಇರುತ್ತದೆ, ನೇಪಥ್ಯದಲ್ಲಿ ತಳ್ಳಾಟವಿರುವುದಿಲ್ಲ, ಯಾರಾದರೊಬ್ಬರಿಗೆ ಅಂದು ಬೆಳಿಗ್ಗೆ ಜ್ವರ ಬಂದರೆ ನಾಟಕ ನಿಲ್ಲುವುದಿಲ್ಲ.

ಯೋನನ ಪುಸ್ತಕವೂ ಒಂದು ಪ್ರಶ್ನೆಯಲ್ಲೇ ಮುಗಿಯುತ್ತದೆ ಎಂಬುದನ್ನು ಗಮನಿಸಿ: ಇಷ್ಟು ದೊಡ್ಡ ಪಟ್ಟಣಕ್ಕಾಗಿ ನಾನು ಕನಿಕರಪಡಬಾರದೇ ಎಂದು ದೇವರು ಕೇಳುತ್ತಾನೆ, ಯೋನನ ಉತ್ತರ ದಾಖಲಾಗಿಲ್ಲ. ಆ ಪ್ರಶ್ನೆಯನ್ನು ಒಬ್ಬರ ಬಾಯಲ್ಲಿ ಇಡುವುದಕ್ಕಿಂತ ಇಡೀ ಮೇಳ ಮೆಲುದನಿಯಲ್ಲಿ ಕೇಳಿದರೆ ಚೆನ್ನ.

ಪ್ರಶ್ನೆ: ಪಾತ್ರಗಳು ಸತ್ಯವೇದದ ಭಾಷೆಯಲ್ಲಿ ಮಾತನಾಡಬೇಕೇ, ಆಡುಭಾಷೆಯಲ್ಲಿಯೇ? ಆಡುಭಾಷೆ ಬಳಸಿದರೆ ವಾಕ್ಯಕ್ಕೆ ಅಗೌರವವಾಗುವುದಿಲ್ಲವೇ?

ಉತ್ತರ: ಎರಡನ್ನೂ ಬಳಸಬಹುದು, ಒಂದೇ ಬಾಯಲ್ಲಿ ಬೆರೆಸದಿದ್ದರೆ ಆಯಿತು. ‘ಏನಪ್ಪಾ, ಎಲ್ಲಿಗೆ ಹೊರಟೆ?’ ಎಂದು ಕೇಳಿದವನೇ ಮುಂದಿನ ಮಾತಿನಲ್ಲಿ ‘ಆತನು ಸತ್ತವನಾಗಿದ್ದನು, ತಿರಿಗಿ ಬದುಕಿ ಬಂದನು’ ಎಂದರೆ ಸಭೆಯ ಕಿವಿ ಎಡವುತ್ತದೆ. ನಾನು ಅನುಸರಿಸುವ ಏರ್ಪಾಡು ಹೀಗಿದೆ: ವಾಚಕರೊಬ್ಬರು ಒಂದು ಪಕ್ಕದಲ್ಲಿ ನಿಂತು, ಸಭೆಗೆ ಪರಿಚಿತವಾದ ಅನುವಾದದ ವಚನಗಳನ್ನು ಒಂದಕ್ಷರವೂ ಬದಲಿಸದೆ ಓದುತ್ತಾರೆ, ಪಾತ್ರಗಳು ತಮ್ಮ ಮಾತನ್ನು ಆಡುತ್ತವೆ. ಯಾವುದು ವಾಕ್ಯ, ಯಾವುದು ನಾಟಕಕಾರರ ಕಲ್ಪನೆ ಎಂಬುದು ಇದರಿಂದ ತಾನಾಗಿ ಬೇರ್ಪಡುತ್ತದೆ, ಅಗೌರವದ ಪ್ರಶ್ನೆಯೂ ಏಳುವುದಿಲ್ಲ. ಪಾತ್ರಗಳ ಆಡುಮಾತು ಮಾತ್ರ ಹುಸಿಯಾಗಿರಬಾರದು. ಬರೆದ ಸಾಲನ್ನು ಮನೆಯಲ್ಲಿ ಯಾರ ಮುಂದಾದರೂ ಸಹಜವಾಗಿ ಆಡಿ ನೋಡಿ. ಅವರು ತಲೆಯೆತ್ತಿ ವಿಚಿತ್ರವಾಗಿ ನೋಡಿದರೆ ಆ ಸಾಲನ್ನು ತಿದ್ದಬೇಕು.

ಇದರ ಜೊತೆಗೇ ಕೇಳಲಾಗುವ ಇನ್ನೊಂದು ಪ್ರಶ್ನೆ, ಯೇಸುವಿನ ಪಾತ್ರವನ್ನು ರಂಗದ ಮೇಲೆ ತರಬಹುದೇ ಎಂಬುದು. ಸಭೆಯಿಂದ ಸಭೆಗೆ ಇದಕ್ಕೆ ಉತ್ತರ ಬೇರೆಯಾಗುತ್ತದೆ, ನಿಮ್ಮ ಸಭಾಪಾಲಕರದೇ ಕೊನೆಯ ಮಾತು. ನನ್ನ ಅಭಿರುಚಿಯನ್ನು ಕೇಳಿದರೆ, ಯೇಸುವನ್ನು ಭೇಟಿಯಾಗಿ ಬಂದವರನ್ನು ತೋರಿಸುವುದೇ ನಾಟಕಕ್ಕೆ ಹೆಚ್ಚು ಒದಗುತ್ತದೆ. ಯೋಹಾನನ 4ನೇ ಅಧ್ಯಾಯದ ಸಮಾರ್ಯದ ಹೆಂಗಸು ತನ್ನ ಕೊಡವನ್ನು ಬಾವಿಯ ಬಳಿಯೇ ಬಿಟ್ಟು ಊರೊಳಗೆ ಓಡಿ ಬರುತ್ತಾಳೆ. ನೀರು ತರಲು ಹೋದವಳು ಕೊಡವಿಲ್ಲದೆ ಬಂದದ್ದನ್ನು ನೆರೆಯವರು ಮೊದಲು ಗಮನಿಸುತ್ತಾರೆ ಎಂದು ಆರಂಭಿಸಿ, ನಾಟಕ ತಾನೇ ನಡೆಯುತ್ತದೆ.

ಪ್ರಶ್ನೆ: ಕ್ರಿಸ್‌ಮಸ್ ನಾಟಕದಲ್ಲಿ ಪ್ರತಿ ವರ್ಷವೂ ಛತ್ರದ ಯಜಮಾನ ಬಾಗಿಲು ಮುಚ್ಚುವುದು, ಕತ್ತೆ, ಮೂವರು ರಾಜರು. ಹೊಸದಾಗಿ ಏನು ಬರೆಯಬಹುದು?

ಉತ್ತರ: ಹೊಸದನ್ನು ಹುಡುಕುವ ಮೊದಲು ಹಳೆಯದನ್ನು ಮತ್ತೊಮ್ಮೆ ಓದಿ. ಛತ್ರದಲ್ಲಿ ಸ್ಥಳವಿರಲಿಲ್ಲ ಎಂದಷ್ಟೇ ಲೂಕನ 2ನೇ ಅಧ್ಯಾಯ ಹೇಳುತ್ತದೆ. ಯಜಮಾನನ ಸುದ್ದಿ ಅಲ್ಲಿಲ್ಲ. ಕತ್ತೆಯೂ ಇಲ್ಲ. ನಾವು ರಾಜರೆನ್ನುವ ಜೋಯಿಸರು ಎಷ್ಟು ಮಂದಿ ಎಂದು ಮತ್ತಾಯನು ಹೇಳಿಲ್ಲ, ಚಿನ್ನ, ಧೂಪ, ರಕ್ತಬೋಳ ಎಂಬ ಕಾಣಿಕೆಗಳು ಮೂರಾದ್ದರಿಂದ ಅವರೂ ಮೂವರಾದರು. ಅವರು ಬಂದದ್ದು ಒಂದು ಮನೆಗೆ ಎಂದು ಮಾತ್ರ ಸ್ಪಷ್ಟವಾಗಿ ಬರೆದಿದ್ದಾನೆ. ಇನ್ನೂ ಒಂದು ವಿಷಯವಿದೆ. ಛತ್ರವೆಂದು ನಾವು ಓದುವ ಆ ಜಾಗಕ್ಕೆ ಲೂಕನು ಬಳಸಿದ ಗ್ರೀಕ್ ಪದ ‘ಕತಾಲುಮ’. ಕಡೆಯ ಭೋಜನ ನಡೆದ ಕೋಣೆಗೂ 22ನೇ ಅಧ್ಯಾಯದಲ್ಲಿ ಅವನು ಇದೇ ಪದವನ್ನು ಬಳಸುತ್ತಾನೆ. ಆದ್ದರಿಂದ ಅದು ಮನೆಯೊಂದರ ಅತಿಥಿಕೋಣೆ ಇರಬಹುದೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಹಣ ಪಡೆದು ಜನರನ್ನು ಇಳಿಸಿಕೊಳ್ಳುವ ಛತ್ರಕ್ಕೆ ಅವನು ಬೇರೆ ಪದವನ್ನೇ ಬಳಸಿದ್ದಾನೆ, ಅದು ಬರುವುದು 10ನೇ ಅಧ್ಯಾಯದ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ.

ಸ್ಥಳವಿಲ್ಲದ ಮನೆಯೊಂದರಲ್ಲಿ ಬಂದ ನೆಂಟರನ್ನು ಎಲ್ಲಿ ಮಲಗಿಸುವುದೆಂದು ಗೃಹಿಣಿಯೊಬ್ಬಳು ಪರದಾಡುವ ದೃಶ್ಯ ಬರೆಯಿರಿ. ಬಾಗಿಲು ಮುಚ್ಚುವ ಕೆಟ್ಟವನೇ ಇಲ್ಲದೆ, ಒಳ್ಳೆಯ ಮನಸ್ಸಿನ ಜನರ ಇಕ್ಕಟ್ಟಿನಲ್ಲಿಯೇ ಕೂಸು ಗೋದಲಿಗೆ ಬಂದು ಸೇರುತ್ತದೆ. ಛತ್ರದ ಯಜಮಾನನ ಪಾತ್ರ ಬೇಕೇ ಬೇಕು ಎನ್ನುವ ಹುಡುಗನಿದ್ದರೆ ಅವನನ್ನು 10ನೇ ಅಧ್ಯಾಯಕ್ಕೆ ಕರೆದೊಯ್ಯಿರಿ. ಎರಡು ದೆನಾರಿ ನಾಣ್ಯಗಳನ್ನು ಪಡೆದು, ಗುರುತಿಲ್ಲದ ಗಾಯಾಳುವನ್ನು ಮನೆಯಲ್ಲಿ ಇಟ್ಟುಕೊಂಡು, ಉಳಿದ ಖರ್ಚನ್ನು ಕೊಡುತ್ತೇನೆಂದು ಹೋದ ಸಮಾರ್ಯದವನು ತಿರುಗಿ ಬರುತ್ತಾನೋ ಇಲ್ಲವೋ ಎಂದು ದಾರಿ ಕಾಯುತ್ತ ಕೂತವನು ಅವನು. ಆ ರಾತ್ರಿ ಅವನಿಗೂ ಅವನ ಹೆಂಡತಿಗೂ ಯಾವ ಮಾತು ನಡೆದಿರಬಹುದು?

ಪ್ರಶ್ನೆ: ಶುಭ ಶುಕ್ರವಾರದ ನಾಟಕದಲ್ಲಿ ‘ಅವನನ್ನು ಶಿಲುಬೆಗೆ ಹಾಕಿಸು’ ಎಂದು ಕೂಗುವ ಯೆಹೂದ್ಯರ ಗುಂಪನ್ನು ಹೇಗೆ ತೋರಿಸಬೇಕು? ಚಾವಟಿ ಏಟು, ರಕ್ತ ಎಲ್ಲವನ್ನೂ ತೋರಿಸಬಹುದೇ?

ಉತ್ತರ: ಇಲ್ಲಿ ಬಹಳ ಎಚ್ಚರಿಕೆ ಬೇಕು. ಜರ್ಮನಿಯ ಬವೇರಿಯಾದ ಓಬರಾಮರ್‌ಗೌ ಗ್ರಾಮದವರು ಪ್ಲೇಗಿನ ಕಾಲದಲ್ಲಿ, 1633ರಲ್ಲಿ ಹರಕೆ ಹೊತ್ತು, 1634ರಲ್ಲಿ ಮೊದಲ ಸಲ ಯೇಸುವಿನ ಶ್ರಮೆಯ ನಾಟಕವನ್ನು ಆಡಿದರು. ಇಂದಿಗೂ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಆಡುತ್ತಾರೆ. ಯೆಹೂದ್ಯರನ್ನೆಲ್ಲ ಕೇಡಿಗರೆಂಬಂತೆ ಚಿತ್ರಿಸಿದ್ದ ಅದರ ಪಠ್ಯವನ್ನು 20ನೇ ಶತಮಾನದ ಕೊನೆಯ ದಶಕಗಳಲ್ಲಿ ತೀವ್ರ ಟೀಕೆಯ ನಂತರ ಗಣನೀಯವಾಗಿ ತಿದ್ದಬೇಕಾಯಿತು. ಯೇಸು, ಅವನ ತಾಯಿ, ಶಿಷ್ಯರು, ಅತ್ತ ಹೆಂಗಸರು ಎಲ್ಲರೂ ಯೆಹೂದ್ಯರೇ. ಶಿಲುಬೆಯ ತೀರ್ಪು ಕೊಟ್ಟವನು ರೋಮಿನ ಅಧಿಕಾರಿ. ಆದ್ದರಿಂದ ಕೂಗುವವರಿಗೆ ಬೇರೆ ಉಡುಪು ತೊಡಿಸಿ ಒಂದು ಜನಾಂಗವನ್ನಾಗಿ ನಿಲ್ಲಿಸಬೇಡಿ. ಆ ಕೂಗನ್ನು ಸಭೆಯ ನಡುವೆ ಎಂದಿನ ಉಡುಪಿನಲ್ಲಿ ಕುಳಿತ ನಾಲ್ಕಾರು ಜನ ಎದ್ದು ನಿಂತು ಕೂಗಲಿ. ಪಕ್ಕದಲ್ಲಿ ಕೂತವರಿಗೆ ಮೈ ಜುಮ್ಮೆನ್ನುತ್ತದೆ, ಹೃದಯದ ತೊಂದರೆಯಿರುವ ಹಿರಿಯರ ಪಕ್ಕದಲ್ಲಿ ಮಾತ್ರ ಅವರನ್ನು ಕೂರಿಸಬೇಡಿ.

ರಕ್ತ ಬೇಡ. ಚಿಕ್ಕ ಮಕ್ಕಳಿರುತ್ತಾರೆ ಎಂಬುದು ಒಂದು ಕಾರಣ. ಹತ್ತಿರದಿಂದ ನೋಡುವವರಿಗೆ ಬಣ್ಣದ ನೀರು ಬಣ್ಣದ ನೀರಾಗಿಯೇ ಕಾಣುತ್ತದೆ ಎಂಬುದು ಇನ್ನೊಂದು. ಮರೆಯಲ್ಲಿ ಮೂರು ಸಲ ಸುತ್ತಿಗೆಯ ಸದ್ದು ಕೇಳಿಸಿ, ಅದನ್ನು ಕೇಳುತ್ತಿರುವ ಶಿಷ್ಯ ಪೇತ್ರನ ಮುಖವನ್ನು ತೋರಿಸಿದರೆ ಸಾಕಾಗುತ್ತದೆ.

ಪ್ರಶ್ನೆ: ನಾಟಕದಲ್ಲಿ ಹಾಸ್ಯ ಇರಬಹುದೇ?

ಉತ್ತರ: ಇರಲಿ, ಪಾತ್ರದಿಂದ ತಾನಾಗಿ ಹುಟ್ಟಿದ್ದಾದರೆ. ಸಭೆಯಲ್ಲಿರುವ ಯಾರನ್ನಾದರೂ ಹೋಲುವ ಹಾಸ್ಯ ಮಾತ್ರ ಬೇಡವೇ ಬೇಡ, ನಾಟಕ ಮರೆತುಹೋದ ಮೇಲೂ ಅದರ ನೋವು ಉಳಿಯುತ್ತದೆ.

ಪ್ರಶ್ನೆ: ಒಳ್ಳೆಯ ಸಮಾರ್ಯದವನ ನಾಟಕ ಆಡಿದೆವು. ಹಿಂದಿನ ಸಾಲಿನವರಿಗೆ ಏನೂ ಕಾಣಲಿಲ್ಲ, ಕೇಳಲಿಲ್ಲ ಎಂದರು. ನಮ್ಮಲ್ಲಿರುವುದು ಎರಡೇ ಮೈಕು. ಇದನ್ನು ಬರವಣಿಗೆಯಲ್ಲಿಯೇ ಸರಿಪಡಿಸಲು ಸಾಧ್ಯವೇ?

ಉತ್ತರ: ಬಹುಮಟ್ಟಿಗೆ ಸಾಧ್ಯ. ನಿಮ್ಮ ಗಾಯಾಳು ನೆಲದ ಮೇಲೆ ಮಲಗಿದ್ದನಲ್ಲವೇ? ಮೂರನೇ ಸಾಲಿನ ಆಚೆಗೆ ಅವನಿದ್ದಾನೆ ಎಂಬುದೇ ತಿಳಿದಿರಲಾರದು; ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ಏನನ್ನು ಕಂಡು ಪಕ್ಕಕ್ಕೆ ಸರಿದುಹೋದರೆಂದು ಜನ ಕುತ್ತಿಗೆ ಚಾಚಿರುತ್ತಾರೆ. ಅವನನ್ನು ಮೆಟ್ಟಿಲ ಮೇಲೆ ಒರಗಿಸಬಹುದು, ಇಲ್ಲವೇ ಸಭೆಯ ನಡುವಿನ ಹಾದಿಯಲ್ಲೇ ಬೀಳಿಸಬಹುದು. ಎರಡನೆಯದನ್ನು ಆರಿಸಿದರೆ ಕಾಣದವರಿಗೂ ಅವನು ತಮ್ಮ ನಡುವೆಯೇ ಬಿದ್ದಿದ್ದಾನೆಂದು ಗೊತ್ತಿರುತ್ತದೆ.

ಮೈಕಿನ ವಿಷಯ: ಒಂದನ್ನು ವಾಚಕರಿಗೆ ಕೊಟ್ಟುಬಿಡಿ, ಇನ್ನೊಂದನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹೆಚ್ಚು ಮಾತಿರುವ ಪಾತ್ರ ಅಲ್ಲಿಯೇ ನಿಲ್ಲಲು ಕಥೆಯಲ್ಲೊಂದು ಕಾರಣ ಬರೆಯಿರಿ. ಛತ್ರದವನಾದರೆ ಅದು ಅವನ ಲೆಕ್ಕ ಬರೆಯುವ ಜಾಗವಾಗಬಹುದು. ಪಾತ್ರಧಾರಿಗಳು ಒಬ್ಬರಿಂದೊಬ್ಬರು ಮೈಕು ಕಿತ್ತುಕೊಳ್ಳುವುದಕ್ಕಿಂತ ಮಾತಿಲ್ಲದ ಪಾತ್ರ ಎಷ್ಟೋ ವಾಸಿ. ಯಾಜಕನಿಗೂ ಲೇವಿಯನಿಗೂ ಲೂಕನು ಒಂದು ಮಾತನ್ನೂ ಕೊಟ್ಟಿಲ್ಲ, ನೀವೂ ಕೊಡಬೇಕಾಗಿಲ್ಲ. ಅವರು ಬಂದದ್ದು, ನೋಡಿದ್ದು, ಅರೆಕ್ಷಣ ನಿಂತದ್ದು, ಸರಿದುಹೋದದ್ದು ಇಷ್ಟನ್ನು ರಂಗಸೂಚನೆಯಲ್ಲಿ ಬರೆಯಿರಿ. ಆ ಅರೆಕ್ಷಣವನ್ನು ತಾಲೀಮಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸಿ, ಮತ್ತು ಕೊನೆಯ ತಾಲೀಮಿನಲ್ಲಿ ನೀವು ಹಿಂದಿನ ಸಾಲಿನ ಮೂಲೆಯಲ್ಲಿ ಕೂತು ನೋಡಿ.

ಪ್ರಶ್ನೆ: ನಾಟಕ ಮುಗಿದಾಗ ಅರ್ಧ ಸಭೆ ಚಪ್ಪಾಳೆ ತಟ್ಟುತ್ತದೆ, ಇನ್ನರ್ಧ ಮುಜುಗರದಿಂದ ಸುಮ್ಮನಿರುತ್ತದೆ. ಏನು ಮಾಡಬೇಕು?

ಉತ್ತರ: ಮುಂದೇನೆಂದು ತಿಳಿಯದಿದ್ದಾಗ ಜನ ಚಪ್ಪಾಳೆ ತಟ್ಟುತ್ತಾರೆ. ಹಸ್ತಪ್ರತಿಯ ಕೊನೆಯ ಮಾತಿನ ಕೆಳಗೆ ಇನ್ನೊಂದು ರಂಗಸೂಚನೆ ಸೇರಿಸಿ: ‘ಪಾತ್ರಧಾರಿಗಳು ಇದ್ದಲ್ಲಿಯೇ ನಿಲ್ಲುತ್ತಾರೆ, ನಮಸ್ಕರಿಸುವುದಿಲ್ಲ. ಐದು ಎಣಿಸುವಷ್ಟು ಹೊತ್ತಿನ ನಂತರ ವಾದ್ಯದವರು ಮುಂದಿನ ಕೀರ್ತನೆಯ ಮೊದಲ ಸಾಲನ್ನು ನುಡಿಸುತ್ತಾರೆ, ಸಭೆ ಎದ್ದು ನಿಲ್ಲುವಾಗ ಪಾತ್ರಧಾರಿಗಳು ಇಳಿದು ತಮ್ಮ ಮನೆಯವರ ಪಕ್ಕದಲ್ಲಿ ನಿಂತು ಹಾಡುತ್ತಾರೆ.’ ಇದರ ಒಂದು ಪ್ರತಿಯನ್ನು ವಾದ್ಯದವರಿಗೆ ಶನಿವಾರವೇ ತಲುಪಿಸಿ.